ಒಂದು ಹೆಸರಿಗಾಗಿ ಕಟ್ಟಿದ ಗಾಡಿ

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯಬಾರದೆಂಬ ಹಟ ನನ್ನದಲ್ಲ, ಅವರ ಹೆಂಡತಿಯದು. ಮದುವೆಯಾದ ದಿನದಿಂದ ಆಕೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹಾಗೆ ಹೇಳದಿರುವುದು ನಮ್ಮ ಕಡೆ ಹೊಸದೇನಲ್ಲ, ನನ್ನ ಅವ್ವನೂ ಅಪ್ಪನ ಹೆಸರು ಹೇಳುತ್ತಿರಲಿಲ್ಲ. ಆದರೆ ಎಲ್ಲ ಹೆಂಗಸರಿಗೂ ಅದರೊಳಗೆ ಒಂದು ಸಂದು ಇರುತ್ತದೆ. ಅದೇ ಒಡಪು. ಮದುವೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲು ಅಂತ ನಾಲ್ಕು ಮಂದಿ ಸೇರಿದಾಗ ಎರಡು ಸಾಲು ಪ್ರಾಸ ಕಟ್ಟಿ, ಅದರ ಕೊನೆಗೆ ಗಂಡನ ಹೆಸರನ್ನು ಸಿಕ್ಕಿಸಿ, ನಾಚಿ ನಕ್ಕು ಪಾರಾಗುತ್ತಾರೆ. ಈಕೆ ಆ ಸಂದಿನಲ್ಲೂ ತೂರಲಿಲ್ಲ. ಮೂವತ್ತು ವರ್ಷದ ಹತ್ತಿರ ಒಡಪು ಹೇಳದೆ ಕೂತರು. ಆ ಹೆಸರು ಆಕೆಯ ಬಾಯಿಂದ ಹೊರಡಲಿ ಎಂದು ಗಂಡ ಒಂದು ಕಾರನ್ನೇ ಕಟ್ಟಿದರು. ಅಂಥ ಹೆಸರನ್ನು ನಾನು ಪುಕ್ಕಟೆ ಬರೆದುಬಿಟ್ಟರೆ ಸರಿಯಾಗುವುದಿಲ್ಲ.

ಗಂಗಾವತಿಯ ಮಂದಿ ಅವರನ್ನು ‘ಲಂಡನ್ ಡ್ರೈವರ್’ ಎನ್ನುತ್ತಿದ್ದರು. ಲಂಡನ್ನು ಹಾಳಾಗಲಿ, ಅವರು ಹುಬ್ಬಳ್ಳಿ ದಾಟಿ ಆಚೆ ಹೋದದ್ದೂ ಅನುಮಾನ. ಕಾಲುವೆ ಇಲಾಖೆಯ ಆಫೀಸಿನಲ್ಲಿ ಅವರು ಜೀಪಿನ ಡ್ರೈವರು, ನಾನು ಟೈಪಿಸ್ಟು. ಕ್ವಾರ್ಟರ್ಸಿನಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳು. ಎಪ್ಪತ್ತರ ದಶಕದ ನಡುವೆ ನಾನು ಹೊಸದಾಗಿ ಮದುವೆಯಾಗಿ ಅಲ್ಲಿಗೆ ಹೋದಾಗ ಅವರಿಗೆ ಐವತ್ತರ ಆಸುಪಾಸು. ನಾನು ಅವರಿಗೆ ‘ಅಣ್ಣಾರ’ ಎನ್ನುತ್ತಿದ್ದೆ, ಅವರು ನನಗೆ ‘ತಮ್ಮಾ’ ಎನ್ನುತ್ತಿದ್ದರು. ಅವರ ಮನೆಯ ಚಹಾ ಕುಡಿಯದೆ ನನ್ನ ಸಂಜೆ ಮುಗಿಯುತ್ತಿರಲಿಲ್ಲ.

ನಿಂತು ಮಾತಾಡುವಾಗಲೂ ಅವರ ಎರಡು ಕೈ ಎದೆಯ ಮುಂದೆ ಸ್ಟೇರಿಂಗ್ ಹಿಡಿದೇ ಇರುತ್ತಿದ್ದವು. ಮಾತು ಬಿಸಿಯಾದರೆ ಬಲಗೈ ಕೆಳಗಿಳಿದು ಗೇರು ಬದಲಿಸುತ್ತಿತ್ತು. ಬಲಗೈ ಯಾಕೆಂದರೆ ನಮ್ಮ ಆಫೀಸಿನ ಜೀಪು ಅಮೆರಿಕಾದ್ದು, ಸ್ಟೇರಿಂಗು ಎಡಕ್ಕೆ. ದೊಡ್ಡ ಯುದ್ಧಕ್ಕೆಂದು ಬಂದು, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದಾಗ ಯಾರ್ಯಾರದೋ ಕೈ ದಾಟಿ ಕಾಲುವೆಯ ನೌಕರಿಗೆ ಸೇರಿದ್ದು. ಸಾಹೇಬರು ಬೈಯುವಾಗ ಮಾತ್ರ ನಮ್ಮ ಡ್ರೈವರ್ರು ಕೈ ಎರಡೂ ಇಳಿಬಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ‘ಯಾಕ್ರಿ ಅಣ್ಣಾರ, ಒಂದ್ ಮಾತರ ಆಡಬಾರ್ದಾಗಿತ್ತೇನು?’ ಎಂದು ಹೊರಗೆ ಬಂದ ಮೇಲೆ ಕೇಳಿದರೆ, ‘ನ್ಯೂಟ್ರಲ್‌ನ್ಯಾಗ ಇದ್ದೆ ತಮ್ಮಾ’ ಎನ್ನುವರು. ಯಾವ ಗಾಡಿಗೂ ಕೈ ಮುಗಿಯದೆ ಹತ್ತುತ್ತಿರಲಿಲ್ಲ. ‘ಮೊದ್ಲ ಕೈ ಮುಗಿ, ಆಮ್ಯಾಲ ಬೇಕಾದ್ದು ಬೈ’ ಎಂದು ನನಗೂ ಕಲಿಸಿದ್ದರು. ನಾನು ಟೈಪ್ ಮಿಷನ್ನಿಗೆ ಇವತ್ತಿಗೂ ಅದೇ ಮರ್ಯಾದೆ ಕೊಡುತ್ತೇನೆ.

ಅವರಿಗೆ ಲಂಡನ್ ಅಂಟಿದ್ದು ಹೊಸಪೇಟೆಯ ಡ್ಯಾಮ್ ಕಟ್ಟುವ ಕಾಲದಲ್ಲಿ. ಆಗ ಅಲ್ಲಿಗೆ ಇಂಗ್ಲೆಂಡಿನಿಂದ ಒಬ್ಬ ಇಂಜಿನಿಯರ್ ಬಂದಿದ್ದನಂತೆ. ಅವನ ಹಿಂದೆ ಹಡಗಿನಲ್ಲಿ ಅವನ ಕಾರೂ ಬಂತಂತೆ. ಮೇಲೆ ಮುಚ್ಚಿಗೆ ಇಲ್ಲದ, ಇಬ್ಬರೇ ಕೂರುವ, ಮೂಗು ಉದ್ದ ಬೆನ್ನು ಗಿಡ್ಡ ಇರುವ ಕೆಂಪು ಕಾರು. ನಮ್ಮವರು ಅದನ್ನು ತೊಳೆಯುವ ಕೆಲಸಕ್ಕೆ ಸೇರಿ, ಒರೆಸಿ ಒರೆಸಿ, ಕಡೆಗೆ ನಡೆಸುವವರೂ ಆದರು.

ಸಾಹೇಬನಿಗೆ ಏನು ಹಿಡಿಸಿದರೂ ‘ಜಾಲಿ ಗುಡ್’ ಅನ್ನುತ್ತಿದ್ದ. ಭಾಳ ಛಲೋ ಅಂತ ಅದರ ಅರ್ಥ. ಇವರಿಗೆ ಕೇಳಿಸಿದ್ದು ಜಾಲಿಗುಡ್ಡ. ಕ್ಯಾಂಪಿನಿಂದ ಅಷ್ಟು ದೂರದಲ್ಲಿ ಬರೀ ಜಾಲಿಗಿಡ ಬೆಳೆದ ಒಂದು ಕಲ್ಲುಗುಡ್ಡವಿತ್ತು. ಬೆಳಿಗ್ಗೆ ಚಹಾ ಕುಡಿದು ಸಾಹೇಬ ಹಾಗಂದರೆ ಸಾಕು, ಇವರು ಅವನನ್ನು ಕಾರು ಹತ್ತಿಸಿಕೊಂಡು ಹೋಗಿ ಆ ಗುಡ್ಡದ ಬುಡಕ್ಕೆ ನಿಲ್ಲಿಸುತ್ತಿದ್ದರು. ಅವನು ಇಳಿದು ಸುತ್ತ ನೋಡಿ, ಪಾಪ, ಡ್ರೈವರ್ ಇಷ್ಟು ಅಕ್ಕರೆಯಿಂದ ಕರೆತಂದಿದ್ದಾನಲ್ಲ ಎಂದು ಮತ್ತೆ ‘ಜಾಲಿ ಗುಡ್’ ಅನ್ನುತ್ತಿದ್ದ. ‘ಬಂದೀವಲ್ರೀ ಸಾಹೇಬ್ರ, ಇನ್ನೆಲ್ಲಿಗೆ ಹೋಗೂದು?’ ಅಂತ ಇವರಿಗೆ ತಲೆಬಿಸಿ. ಈ ಕತೆಯನ್ನು ಅವರು ತಮ್ಮನ್ನೇ ಹಾಸ್ಯ ಮಾಡಿಕೊಂಡು ಹೇಳುತ್ತಿದ್ದರು. ಪ್ರತಿ ಸಲ ಹೇಳುವಾಗಲೂ ಗುಡ್ಡ ಸ್ವಲ್ಪ ಎತ್ತರವಾಗುತ್ತಿತ್ತು.

ಆ ಕಾರಿನ ಮದದಲ್ಲೇ ಅವರು ನವಲಿಗೆ ಹೆಣ್ಣು ನೋಡಲು ಹೋದರು. ‘ನಿಮ್ಮ ಮಗಳ್ನ ಇಂಗ್ಲೆಂಡಿನ ಗಾಡ್ಯಾಗ ಕುಂದ್ರಿಸಿಕೊಂಡು ಹೋಗಿ ಮನಿ ತುಂಬಿಸ್ಕೋತೀನ್ರಿ’ ಎಂದು ಬಾಗಿಲ ಹಿಂದೆ ನಿಂತವಳಿಗೆ ಕೇಳುವಂತೆ ಹೇಳಿದರು. ಸಾಹೇಬನೂ ಒಪ್ಪಿದ್ದ. ಆದರೆ ಮದುವೆ ಹತ್ತಿರ ಬಂದಾಗ ಅವನಿಗೆ ಊರಿನಿಂದ ಕರೆ ಬಂತು, ಕಾರಿನ ಸಮೇತ ಹಡಗು ಹತ್ತಿದ. ಮದುಮಗಳು ಗಂಡನ ಮನೆಗೆ ಬಂದದ್ದು ಡ್ಯಾಮಿಗೆ ಸಿಮೆಂಟು ಹೊರುವ ಲಾರಿಯಲ್ಲಿ.

ಬಾಗಿಲಲ್ಲಿ ಹೆಂಗಸರು ಅಡ್ಡಗಟ್ಟಿ, ಒಡಪು ಹೇಳಿ ಒಳಗೆ ಬಾ ಎಂದರು. ಮೈಮೇಲೆಲ್ಲ ಸಿಮೆಂಟಿನ ಧೂಳು, ರೆಪ್ಪೆಯೂ ಬೆಳ್ಳಗೆ. ಹುಡುಗಿ ತಲೆ ಎತ್ತಿ ಹೇಳಿದಳಂತೆ: ‘ಇಂಗ್ಲೆಂಡಿನ ಗಾಡ್ಯಾಗ ಕರ್ಕೊಂಡ್ ಬರ್ತೀನಿ ಅಂದಿದ್ರು. ಗಾಡಿ ಬರ್ಲಿ, ಹೆಸರು ಹೇಳ್ತೀನಿ.’ ಹೊತ್ತು ಮೀರುತ್ತದೆಂದು ಹಿರಿಯರು ಹಾಗೆಯೇ ಒಳಗೆ ಬಿಟ್ಟುಕೊಂಡರು. ಅವತ್ತು ಬಾಗಿಲಲ್ಲೇ ಇನ್ನೊಂದು ತಾಸು ನಿಲ್ಲಿಸಿದ್ದರೆ ತನ್ನ ಬಾಳು ಸುಸೂತ್ರವಾಗುತ್ತಿತ್ತು ಎಂದು ಡ್ರೈವರ್ರು ಹಿರಿಯರನ್ನು ಬೈಯುತ್ತಿದ್ದರು.

ಆಕೆಯನ್ನು ನಾನು ಅಕ್ಕಾರು ಎನ್ನುತ್ತಿದ್ದೆ. ತೆಳ್ಳನೆಯ, ಚುರುಕು ನಾಲಗೆಯ ಹೆಂಗಸು. ನಗದೆ ತಮಾಷೆ ಮಾಡುವುದರಲ್ಲಿ ಎತ್ತಿದ ಕೈ. ಗಂಡನದು ದೇವರ ಹೆಸರು. ಯಾವ ದೇವರೆಂದರೆ ಗುಟ್ಟು ರಟ್ಟಾಗುತ್ತದೆ, ನಮ್ಮ ಭಾಗದಲ್ಲಿ ಗುಡ್ಡ ಕಂಡಲ್ಲೆಲ್ಲ ಗುಡಿ ಇರುವ ದೇವರು ಅಂದುಕೊಳ್ಳಿ. ಅಕ್ಕಾರು ಆ ದೇವರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಗುಡ್ಡದಾವ’ ಎನ್ನುತ್ತಿದ್ದರು. ಅದೇ ಹೆಸರಿನ ಹಾಲಿನವನೊಬ್ಬ ಬರುತ್ತಿದ್ದ, ಅವನು ‘ಹಾಲಿನಾವ’. ಆ ಹೆಸರಿನಿಂದ ಶುರುವಾಗುವ ಒಂದು ಊರಿಗೆ ಹೋಗಬೇಕಾದರೆ ಕಂಡಕ್ಟರಿಗೆ ‘ಆ ಊರು, ಅದರ ಹಿಂದಿನ ಊರಿನ ಮುಂದಿಂದು’ ಎಂದು ಟಿಕೀಟು ಕೇಳುತ್ತಿದ್ದರು.

ಕ್ವಾರ್ಟರ್ಸಿನಲ್ಲಿ ಯಾರದಾದರೂ ಕುಬಸವಾದರೆ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಒಡಪು ಹೇಳುವರು. ನನ್ನ ಹೆಂಡತಿ ಮೊದಲ ಸಲ ಹೇಳಿದ್ದು ನನಗೆ ಇನ್ನೂ ನೆನಪಿದೆ. ‘ತಾಟಿನ ತುಂಬ ಅವಲಕ್ಕಿ, ಮ್ಯಾಲ ಪುಟಾಣಿ ಬೆಲ್ಲ’ ಎಂದು ಶುರು ಮಾಡಿ, ನನ್ನ ಹೆಸರು ಹಾಕಿ, ‘ಇವರ ಬಿಟ್ಟರ ನನಗ ಬ್ಯಾರೆ ಗತಿ ಇಲ್ಲ’ ಎಂದು ಮುಗಿಸಿದಳು. ಗತಿ ಇಲ್ಲ ಎಂಬುದನ್ನು ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ. ಸರದಿ ಅಕ್ಕಾರ ಹತ್ತಿರ ಬಂದಾಗ ಮಾತ್ರ, ‘ನಂದು ಗಾಡಿ ಬಂದಿಲ್ರವ್ವಾ’ ಎಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವರು. ಆ ಮಾತು ನಮ್ಮ ಸಾಲುಮನೆಗಳಲ್ಲಿ ಒಂದು ನುಡಿಯೇ ಆಗಿಹೋಯಿತು. ಸ್ನಾನಕ್ಕೆ ಏಳದ ಮಕ್ಕಳಿಗೂ ‘ಯಾಕ, ನಿನ್ನ ಗಾಡಿ ಬಂದಿಲ್ಲೇನು?’ ಎಂದು ಕೇಳುತ್ತಿದ್ದರು. ಅಕ್ಕಾರ ಮಗಳ ಮದುವೆಯಲ್ಲಿ ಬೀಗರ ಕಡೆಯ ಹೆಂಗಸರು ಸುತ್ತುಗಟ್ಟಿ ಹಟ ಹಿಡಿದರೂ ಆಕೆ ಜಗ್ಗಲಿಲ್ಲ.

ಗಂಡಹೆಂಡಿರ ನಡುವೆ ಬೇರೆ ಯಾವ ಮುನಿಸೂ ಇರಲಿಲ್ಲ. ಅವರಷ್ಟು ನಗುನಗುತ್ತ ಇದ್ದ ಜೋಡಿಯನ್ನು ನಾನು ಹೆಚ್ಚು ನೋಡಿಲ್ಲ. ಆದರೂ ಇದೊಂದು ಡ್ರೈವರ್ರನ್ನು ಒಳಗೊಳಗೇ ಕೊರೆಯುತ್ತಿತ್ತು. ಒಂದು ಸಂಜೆ ಕಟ್ಟೆಯ ಮೇಲೆ ಕೂತು, ಸ್ಟೇರಿಂಗ್ ಬಿಟ್ಟು, ಕೈ ಕಟ್ಟಿಕೊಂಡು ಹೇಳಿದರು: ‘ಆಫೀಸಿನ್ಯಾಗ ಕರೀತಾರ, ಬಜಾರದಾಗ ಕರೀತಾರ. ನನ್ನ ಹೆಸರು ಕೇಳಿ ಕೇಳಿ ನನಗ ಬ್ಯಾಸರಾಗೈತಿ ತಮ್ಮಾ. ಆಕಿ ಬಾಯಾಗ ಹೆಂಗ ಕೇಳಸ್ತೈತಿ ಅನ್ನೂದೊಂದು ಗೊತ್ತಿಲ್ಲ. ಒಮ್ಮೆ ಅನ್ನಲಿ ಸಾಕು.’ ಅವರಿಗಾಗಿ ನನ್ನ ಮನಸ್ಸು ಕರಗಿತು.

ಎಂಬತ್ತರ ದಶಕ ಶುರುವಾಗುವಾಗ ಡ್ರೈವರ್ರೂ ಜೀಪೂ ಹೆಚ್ಚುಕಡಿಮೆ ಒಟ್ಟಿಗೇ ನಿವೃತ್ತರಾದರು. ಇವರಿಗೆ ಹಾರ ಹಾಕಿದೆವು, ಅದನ್ನು ಕೆಲಸಕ್ಕೆ ಬಾರದ ಕಂಡಮ್ ಗಾಡಿ ಎಂದು ಹರಾಜು ಹಾಕಿದರು. ಹರಾಜಿನಲ್ಲಿ ಅದನ್ನು ಹಿಡಿದವರು ಇವರೇ. ನಾವೆಲ್ಲ ಬಾಡಿಗೆಗೆ ಓಡಿಸುತ್ತಾರೆ ಅಂದುಕೊಂಡೆವು. ಇವರು ಜೀಪನ್ನು ನೂಕಿಸಿಕೊಂಡು ಹೋಗಿ ಊರ ಹೊರಗೆ ಡಬ್ಬಿ ಮಾಡುವ ಚಾಚಾನ ಶೆಡ್ಡಿನಲ್ಲಿ ನಿಲ್ಲಿಸಿದರು. ಚಾಚಾ ಅಕ್ಕಿ ಮಿಲ್ಲುಗಳಿಗೆ ತಗಡಿನ ಕೊಳವೆ, ಮನೆಗಳಿಗೆ ಭತ್ತ ತುಂಬುವ ಡಬ್ಬಿ ಮಾಡಿಕೊಡುವ ಕಸುಬಿನವರು.

‘ಇದರ ಮೈ ತೆಗದು ಇಂಗ್ಲೆಂಡಿನ ಗಾಡಿ ಮೈ ತೊಡಸ್ಬೇಕ್ರಿ ಚಾಚಾ’ ಎಂದರು ಡ್ರೈವರ್ರು.

ಚಾಚಾ ತಮ್ಮ ಕಸುಬಿನ ಮೊದಲ ಪ್ರಶ್ನೆ ಕೇಳಿದರು: ‘ಎಷ್ಟ್ ಚೀಲ ಹಿಡೀಬೇಕು?’

‘ಚೀಲ ಅಲ್ರಿ, ಹೆಂಡ್ತಿ ಕುಂದ್ರಬೇಕು.’

‘ಹಂಗಾದ್ರ ದಪ್ಪ ತಗಡಾ ಹಾಕ್ತೀನಿ’ ಎಂದರು ಚಾಚಾ.

ಮಾದರಿಗೆ ಇದ್ದದ್ದು ಸಾಹೇಬ ಹೋಗುವಾಗ ಕೊಟ್ಟ ಒಂದೇ ಫೋಟೋ. ಅದರಲ್ಲಿ ಕಾರಿನ ಎಡಮಗ್ಗುಲು ಮಾತ್ರ ಕಾಣುತ್ತಿತ್ತು. ಹೀಗಾಗಿ ಎಡಗಡೆ ಇಳಿಜಾರಿನ ಬಾಗಿಲು, ನವಿಲಿನ ಕತ್ತಿನಂತೆ ಬಾಗಿದ ಮಡ್‌ಗಾರ್ಡು, ಎಲ್ಲ ಫೋಟೋದಂತೆಯೇ ಬಂದವು. ಬಲಗಡೆಯನ್ನು ಡ್ರೈವರ್ರು ನೆನಪಿನಿಂದ ಹೇಳಬೇಕಾಯಿತು. ಅವರ ನೆನಪೋ ದಿನಕ್ಕೊಂದು ತರ. ಸೋಮವಾರ ಅಲ್ಲಿ ಹತ್ತುವುದಕ್ಕೆ ಮೆಟ್ಟಿಲಿತ್ತು, ಗುರುವಾರ ಇರಲಿಲ್ಲ. ಚಾಚಾ ಬೇಸತ್ತು ಬಲಗಡೆಗೆ ಭತ್ತದ ಡಬ್ಬಿಯ ಮಾದರಿಯನ್ನೇ ಹಾಕಿ ಮುಗಿಸಿದರು. ಬಾಗಿಲಿಗೆ ಡಬ್ಬಿಯ ಕೊಂಡಿಯೂ ಬಂತು. ಹಿಂಭಾಗ ಹೇಗಿತ್ತೆಂದು ಯಾರಿಗೂ ಗೊತ್ತಿರಲಿಲ್ಲವಾಗಿ, ಲಾರಿ ಪೇಂಟರು ಎರಡು ಕಮಲ ಬಿಡಿಸಿ ‘ಹಾರ್ನ್ ಓಕೆ ಪ್ಲೀಸ್’ ಎಂದು ಬರೆದುಬಿಟ್ಟ. ತಂತಿಯ ಗಾಲಿ ಬೇಕೆಂದು ಜೀಪಿನ ಗಾಲಿಗಳ ಮೇಲೆ ಸೈಕಲ್ ಕಡ್ಡಿ ಬೆಸೆದರು.

ದೊಡ್ಡ ಪೇಚಿಗೆ ಸಿಕ್ಕಿದ್ದು ಇಂಜಿನ್ನಿನಲ್ಲಿ. ಅಮೆರಿಕಾದ ಇಂಜಿನ್ ಎತ್ತರದ್ದು, ಇಂಗ್ಲೆಂಡಿನ ಬಾನೆಟ್ ಗಿಡ್ಡದ್ದು. ಎಷ್ಟು ಒತ್ತಿದರೂ ಮುಚ್ಚುತ್ತಿರಲಿಲ್ಲ. ಚಾಚಾ ಬಾನೆಟ್ಟಿಗೆ ದುಂಡಗೆ ತೂತು ಕೊರೆದರು, ಇಂಜಿನ್ನಿನ ನೆತ್ತಿ ಹೊರಬಂತು. ಅದನ್ನು ಮುಚ್ಚಲು ಡ್ರೈವರ್ರು ಎಲ್ಲಿಂದಲೋ ಒಂದು ಬೋಗುಣಿ ತಂದು ಬೋರಲು ಹಾಕಿಸಿ ಕೆಂಪು ಬಣ್ಣ ಬಳಿಸಿದರು. ಅತ್ತ ಇನ್ನೂ ಖಾಲಿ ಮಾಡದ ಕ್ವಾರ್ಟರ್ಸಿನಲ್ಲಿ ಅಕ್ಕಾರು ನಮ್ಮ ಮನೆಗೂ ಬಂದು, ‘ಹಿಟ್ಟು ಕಲಸೂ ಬೋಗುಣಿ ಕಾಣವಲ್ದು, ನಿಮ್ಮ ಕಡಿ ಏನರ ಬಂದೈತೇನ್ರಿ?’ ಎಂದು ಹುಡುಕುತ್ತಿದ್ದರು. ನಾನು ಬಾಯಿ ಬಿಡಲಿಲ್ಲ.

ಚಹಾದ ಅಂಗಡಿಯಲ್ಲಿ ಇದೇ ಮಾತು. ‘ಎಡಕ್ಕ ನೋಡಿದ್ರ ಲಂಡನ್, ಬಲಕ್ಕ ನೋಡಿದ್ರ ಗಂಗಾವತಿ, ಹಿಂದ ನೋಡಿದ್ರ ಲಾರಿ’ ಎಂದು ಒಬ್ಬ. ‘ಮೈ ನಕಲಿ, ಇಂಜಿನ್ ಅಮೆರಿಕಾದ್ದು. ಇದರಾಗ ಇಂಗ್ಲೆಂಡ್ ಎಲ್ಲೈತ್ರಿ?’ ಎಂದು ಇನ್ನೊಬ್ಬ. ಡ್ರೈವರ್ರು ಅದಕ್ಕೂ ತಯಾರು. ‘ಸೊಸಿ ಬ್ಯಾರೆ ಊರಾಕಿ ಬಂದ್ರ ಮನಿ ಹೆಸರು ಬದಲಾಗತೈತೇನೋ? ಇದೂ ಹಂಗ’ ಎನ್ನುತ್ತಿದ್ದರು. ಆದರೆ ನನ್ನ ಹತ್ತಿರ ಬಂದು ದನಿ ತಗ್ಗಿಸಿ, ‘ಆಕಿ ಒಪ್ತಾಳಂತೀಯೇನು?’ ಎಂದು ಕೇಳುವರು. ಅವರ ಭಯ ಸುಳ್ಳಲ್ಲ. ಮೂವತ್ತು ವರ್ಷ ಆ ಕಾರನ್ನು ವರ್ಣಿಸಿ ವರ್ಣಿಸಿ ಅವರು ಅಕ್ಕಾರಿಗೆ ಅದರ ಒಂದೊಂದು ಮೊಳೆಯನ್ನೂ ಪರಿಚಯ ಮಾಡಿಕೊಟ್ಟಿದ್ದರು. ಕಾರನ್ನು ಕಣ್ಣಿನಿಂದ ನೋಡದವರಲ್ಲಿ ಅದನ್ನು ಅಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ.

ಅಕ್ಕಾರು ತವರಿಗೆಂದು ನವಲಿಗೆ ಹೋದ ಸಮಯ ನೋಡಿ ಡ್ರೈವರ್ರು ಅಲ್ಲಿಗೇ ಗಾಡಿ ಒಯ್ಯುವುದೆಂದು ನಿಶ್ಚಯಿಸಿದರು. ಕೊಟ್ಟ ಮಾತು ತವರಿನಿಂದ ಮನೆಗೆ ಕರೆತರುವುದಾಗಿತ್ತಲ್ಲ. ಸಾಕ್ಷಿಗೆ ನಾನು. ಸೀಟು ಎರಡೇ ಆದ್ದರಿಂದ ನನ್ನನ್ನು ಹಿಂದೆ ಸ್ಟೆಪ್ನಿಯ ಜಾಗದಲ್ಲಿ ಕೂರಿಸಿದರು. ಕಾಲು ಹೊರಗೆ, ಕೈಯಲ್ಲಿ ರೇಡಿಯೇಟರಿಗೆ ನೀರಿನ ಡಬ್ಬಿ. ಕಾರಟಗಿ ದಾಟುವಾಗ ಅಕ್ಕಿ ಮಿಲ್ಲಿನ ಹಮಾಲರು ಕೆಲಸ ಬಿಟ್ಟು ನಿಂತು ನೋಡಿದರು. ಯಾರೋ ನನಗೆ ಕೈಮುಗಿದರು, ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ನವಲಿಯಲ್ಲಿ ಅಕ್ಕಾರ ಅಣ್ಣನ ಮನೆಯ ಮುಂದೆ ಓಣಿಗೆ ಓಣಿಯೇ ಸೇರಿತು. ಅಕ್ಕಾರು ಸೆರಗಿಗೆ ಕೈ ಒರೆಸುತ್ತ ಹೊರಬಂದರು. ಗಾಡಿಯನ್ನು ಒಂದು ಸುತ್ತು ಹಾಕಿದರು. ಎಡಗಡೆ ನಿಂತು ಮಡ್‌ಗಾರ್ಡಿನ ಮೇಲೆ ಮೆಲ್ಲಗೆ ಕೈಯಾಡಿಸಿದರು. ಡ್ರೈವರ್ರ ಮುಖ ಅರಳಿತು. ಬಳಿಕ ಅಕ್ಕಾರು ಮುಂದೆ ಬಂದು ಬಾನೆಟ್ಟಿನ ಮೇಲೆ ಬೆರಳಿನಿಂದ ಠಣ್ಣೆಂದು ಬಾರಿಸಿದರು.

‘ಇದು ನಮ್ಮ ಬೋಗುಣಿ’ ಎಂದರು.

ಓಣಿ ಗೊಳ್ಳೆಂದು ನಕ್ಕಿತು. ಡ್ರೈವರ್ರ ಕೈ ಬಲಕ್ಕಿಳಿದು ಗಾಳಿಯಲ್ಲಿ ಗೇರು ಹುಡುಕಿತು.

‘ಅದ ಬಿಡು. ಗಾಡಿ ಹೆಂಗೈತಿ?’

‘ಅಂಗಿ ಛಲೋ ಐತ್ರಿ. ಒಳಗಿಂದು ನಮ್ಮ ಆಫೀಸಿನ ಜೀಪಲ್ಲೇನು? ಊರ ಬಾಗಲಾಗ ಬಂದಾಗನ ಗೊತ್ತಾತು. ದಿನಾ ಸಂಜಿಕ ಇದರ ಕೆಮ್ಮು ಕೇಳೇ ನಾ ಚಾಕ್ಕ ಇಡ್ತಿದ್ದೆ.’

ಡ್ರೈವರ್ರ ಮುಖ ನೋಡಲಾರದೆ ನಾನು ನೀರಿನ ಡಬ್ಬಿ ನೋಡಿದೆ. ಅಷ್ಟರಲ್ಲಿ ಒಬ್ಬ ಮುದುಕಿ, ‘ಗಾಡಿ ಬಂತಲ್ಲವಾ, ಇನ್ನರ ಹೆಸರು ಹೇಳು’ ಎಂದು ಕೂಗಿದಳು. ಉಳಿದವರೂ ದನಿಗೂಡಿಸಿದರು. ಅಕ್ಕಾರು ಗಂಡನನ್ನು ನೋಡಿದರು, ಗಾಡಿಯನ್ನು ನೋಡಿದರು, ಸೆರಗು ತಲೆಗೆ ಹೊದ್ದುಕೊಂಡರು.

‘ಅಂಗಿ ಇಂಗ್ಲೆಂಡಿಂದು, ಗುಂಡಿಗಿ ಅಮೆರಿಕಾದ್ದು, ತಲಿ ಮ್ಯಾಲಿನ ಟೋಪಿ ನಮ್ಮಡಗಿ ಮನಿದು...’

ಡ್ರೈವರ್ರು ಕಣ್ಣು ಮುಚ್ಚಿಕೊಂಡೇ ನಿಂತಿದ್ದರು.

‘ಗಾಡಿ ಅರ್ಧಾ ಬಂದೈತಿ, ಒಡಪೂ ಅರ್ಧಾ’ ಎಂದು ಅಕ್ಕಾರು ಬಾಗಿಲ ಕೊಂಡಿ ತೆಗೆದು ಹತ್ತಿ ಕೂತರು. ‘ಇಂಗ್ಲೆಂಡಿನ ಇಂಜಿನ್ ಬರ್ಲಿ, ಉಳದದ್ದು ಹೇಳ್ತೀನಿ. ನಡೀರಿ, ಹೊತ್ತಾತು.’

ಸ್ಟೇರಿಂಗು ಎಡಕ್ಕಿದ್ದದ್ದರಿಂದ ಅಕ್ಕಾರು ಕೂತದ್ದು ಬಲಕ್ಕೆ, ನಮ್ಮ ಕಡೆ ಡ್ರೈವರ್ ಕೂರುವ ಜಾಗದಲ್ಲಿ. ದಾರಿಯಲ್ಲಿ ಎದುರಾದವರಿಗೆಲ್ಲ ಆಕೆಯೇ ಗಾಡಿ ಹೊಡೆಯುತ್ತಿದ್ದಂತೆ ಕಾಣುತ್ತಿತ್ತು. ‘ಏ, ಅಕ್ಕಾರು ಗಾಡಿ ಹೊಡ್ಯಾಕತ್ತಾರಲೇ! ಕೈ ಬಿಟ್ಟು ಹೊಡ್ಯಾಕತ್ತಾರ!’ ಎಂದು ಎಮ್ಮೆ ಮೇಯಿಸುವವನೊಬ್ಬ ಬೆರಗಾಗಿ ನಿಂತ. ಅಕ್ಕಾರು ನೆಟ್ಟಗೆ ಕೂತು, ಅವನತ್ತ ಗಂಭೀರವಾಗಿ ತಲೆಯಾಡಿಸಿದರು. ಅವರಿಗೆ ಖುಷಿಯಾಗಿತ್ತು. ಹಿಂದಿನಿಂದ ನನಗೆ ಅವರ ಹೆಗಲು ನಗುವುದು ಕಾಣುತ್ತಿತ್ತು. ಡ್ರೈವರ್ರು ಮಾತ್ರ ರಸ್ತೆ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ.

ಕಾಲುವೆ ಸೇತುವೆಯ ಏರಿನಲ್ಲಿ ಗಾಡಿ ನಿಂತುಬಿಟ್ಟಿತು. ಆ ಸಪೂರ ಇಂಗ್ಲೆಂಡಿನ ಮೂಗಿನಿಂದ ಅಮೆರಿಕಾದ ಇಂಜಿನ್ನಿಗೆ ಸಾಕಾಗುವಷ್ಟು ಗಾಳಿ ಹೋಗುತ್ತಿರಲಿಲ್ಲ. ಬೋಗುಣಿಯ ಸುತ್ತ ಹಬೆ ಎದ್ದಿತು. ‘ಏರು ದಾಟಿಸಿದ್ರ ಇಳಕಲಿನ್ಯಾಗ ಚಾಲೂ ಆಗತೈತಿ’ ಎಂದು ಡ್ರೈವರ್ರು ಸ್ಟೇರಿಂಗ್ ಹಿಡಿದು ಕೂತರು. ಅಕ್ಕಾರೂ ನಾನೂ ಇಳಿದು ಹಿಂದಿನಿಂದ ನೂಕಿದೆವು. ಕಮಲದ ಮೇಲೆ ಅವರ ಎರಡು ಕೈ, ‘ಪ್ಲೀಸ್’ ಮೇಲೆ ನನ್ನವು.

ನೂಕಿ ನೂಕಿ ನೆತ್ತಿಗೆ ತಲುಪಿಸಿದೆವು. ಅಲ್ಲಿಂದಾಚೆಗೆ ನಾವು ನೂಕುವ ಅಗತ್ಯವಿರಲಿಲ್ಲ. ಗಾಡಿ ತಾನಾಗಿಯೇ ಇಳಕಲಿಗೆ ಹೊರಟಿತು, ಇಂಜಿನ್ ಚಾಲೂ ಆಗದೆಯೇ. ಕೆಳಗಿನಿಂದ ಭತ್ತದ ಚೀಲ ಹೇರಿದ ಲಾರಿಯೊಂದು ಏರಿ ಬರುತ್ತಿತ್ತು. ಆ ಜೀಪಿನ ಬ್ರೇಕು ಒಮ್ಮೆ ಒತ್ತಿದರೆ ಹಿಡಿಯುತ್ತಿರಲಿಲ್ಲ, ಎರಡು ಮೂರು ಸಲ ಒತ್ತಬೇಕಿತ್ತು. ಡ್ರೈವರ್ರು ಒತ್ತುತ್ತಿದ್ದರೋ ಇಲ್ಲವೋ, ಗಾಡಿಯಂತೂ ಲಾರಿಯ ಮುಖಕ್ಕೇ ನುಗ್ಗುತ್ತಿತ್ತು.

ಆಗ ನನ್ನ ಪಕ್ಕದಲ್ಲಿ ನಿಂತಿದ್ದ ಅಕ್ಕಾರು ಹೊಟ್ಟೆಯಿಂದ ಕೂಗಿದರು. ಒಡಪಿಲ್ಲ, ಪ್ರಾಸವಿಲ್ಲ, ಹೆಸರಿಗೆ ಮರ್ಯಾದೆಗೆಂದು ಅಂಟಿಸುವ ‘ರಾಯರು’ ಇಲ್ಲ. ಬರೀ ಹೆಸರು. ಕಾಲುವೆಯ ಎರಡೂ ದಂಡೆಗೆ ಕೇಳುವಂತೆ, ಇಡೀ ಹೆಸರು. ಅದರ ಬೆನ್ನಿಗೇ ಇನ್ನೇನೋ ಅಂದರು, ಅದನ್ನು ಲಾರಿಯ ಹಾರ್ನು ನುಂಗಿತು.

ಡ್ರೈವರ್ರು ಬ್ರೇಕು ಮರೆತು, ಲಾರಿ ಮರೆತು, ಹಿಂದಕ್ಕೆ ತಿರುಗಿ ನೋಡಿದರು! ಕೈ ತಿರುಗಿದ ಕಡೆಗೆ ಗಾಡಿಯೂ ತಿರುಗಿತು. ಲಾರಿಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ರಸ್ತೆ ಇಳಿದು, ಆಗಷ್ಟೇ ನಾಟಿ ಮಾಡಿದ ಗದ್ದೆಗೆ ಹೋಗಿ ಗಾಲಿ ಮುಳುಗುವಷ್ಟು ಕೂತಿತು. ಗದ್ದೆಯ ಹೆಂಗಸೊಬ್ಬಳು, ‘ಅವ್ವಯ್ಯ, ಕಾರು ನಾಟಿ ಮಾಡ್ಯಾರ!’ ಎಂದು ಸಸಿ ಕೈಬಿಟ್ಟಳು.

ನಾವು ಓಡಿಹೋದೆವು. ಡ್ರೈವರ್ರು ಮೊಣಕಾಲುದ್ದ ಕೆಸರಿನಲ್ಲಿ, ಹಣೆಗೆ ಗಾಯ ಮಾಡಿಕೊಂಡು, ಗಾಡಿಗೆ ಒರಗಿ ನಿಂತು ನಗುತ್ತಿದ್ದರು.

‘ಏನಂದಿ?’ ಎಂದರು ಹೆಂಡತಿಗೆ. ‘ಇನ್ನೊಮ್ಮೆ ಅನ್ನು.’

ಅಕ್ಕಾರಿಗೆ ಅಳು ಬಂದಿತ್ತು. ಸೆರಗಿನಿಂದ ಗಂಡನ ಹಣೆ ಒತ್ತಿ ಹಿಡಿದು, ಮುಖ ಆಚೆ ತಿರುಗಿಸಿಕೊಂಡು, ‘ನಾ ಏನಂದೆ? ಗುಡ್ಡದಾವನ್ನ ಕರದೆ’ ಎಂದರು.

ಆ ಜಗಳ ಅವತ್ತು ಶುರುವಾದದ್ದು ಡ್ರೈವರ್ರು ಬದುಕಿರುವತನಕ ನಡೆಯಿತು. ಎತ್ತು ಕಟ್ಟಿ ಗಾಡಿಯನ್ನು ಎಳೆಸಿದೆವು, ಅದು ರಿಪೇರಿಯಾಗಿ ಆಮೇಲೆ ಎಷ್ಟೋ ಮದುವೆ ಮೆರವಣಿಗೆಗೂ ಹೋಯಿತು. ಡ್ರೈವರ್ರು ಕೊಪ್ಪಳ, ಹೊಸಪೇಟೆಗಳ ಗುಜರಿಗಳಲ್ಲಿ ಇಂಗ್ಲೆಂಡಿನ ಇಂಜಿನ್ ಹುಡುಕುವುದನ್ನು ಮಾತ್ರ ಬಿಟ್ಟುಬಿಟ್ಟರು. ಈಗ ಅವರಿಗೆ ಉಳಿದದ್ದು ಒಂದೇ ಕೆಲಸ, ಕರೆದದ್ದು ತಮ್ಮನ್ನೇ ಎಂದು ಹೆಂಡತಿಯ ಬಾಯಿಂದ ಒಪ್ಪಿಸುವುದು. ಕ್ವಾರ್ಟರ್ಸ್ ಬಿಟ್ಟು ಕಟ್ಟಿಕೊಂಡ ಎರಡು ಕೋಣೆಯ ಮನೆಯಲ್ಲಿ ದಿನಾ ಸಂಜೆ ಚಹಾದ ಹೊತ್ತಿಗೆ ಅಡಿಗೆಮನೆಯ ಹೊಸ್ತಿಲಲ್ಲಿ ಬಂದು ಕೂರುವರು.

‘ಅವತ್ತ್ ಸೇತುವಿ ಮ್ಯಾಲ ಕರದದ್ದು ಯಾರ್ನ?’

‘ದೇವ್ರನ್ನ.’

‘ಇಷ್ಟ್ ವರ್ಷ ಆ ದೇವ್ರಿಗೂ ಹೆಸರಿಡದು ಕರದಾಕಿ ಅಲ್ಲ ನೀ. ಅವತ್ತ ಯಾಕ ಕರದಿ?’

‘ಆಪತ್ತಿನ್ಯಾಗ ಅಡ್ಡಹೆಸರಿಲೆ ಕರದ್ರ ದೇವ್ರಿಗೆ ತಿಳೀತೈತೇನ್ರಿ?’

ಡ್ರೈವರ್ರು ನನ್ನತ್ತ ತಿರುಗುವರು. ‘ತಮ್ಮಾ, ನೀ ಮಗ್ಗಲದಾಗ ಇದ್ದಿ. ಹೆಸರಿನ ಬೆನ್ನಿಗೆ ಇನ್ನೇನೋ ಅಂದ್ಲಲ್ಲ, ಏನದು? ಅದು ತಿಳದ್ರ ದೇವ್ರೋ ನಾನೋ ಗೊತ್ತಾಗತೈತಿ.’ ಚಹಾ ಸೋಸುತ್ತಿದ್ದವರು ಅಕ್ಕಾರು. ಆದ್ದರಿಂದ ನಾನು, ‘ಹಾರ್ನ್ ಭಾಳ ಜೋರಿತ್ರಿ ಅಣ್ಣಾರ’ ಎನ್ನುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ. ಡ್ರೈವರ್ರು, ‘ಇರ್ಲಿ, ನಾಳಿ ಕೇಳ್ತೀನಿ’ ಎಂದು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಳ್ಳುವರು.

ಮುಂದೆ ನನಗೆ ಯಲಬುರ್ಗಾಕ್ಕೆ, ಅಲ್ಲಿಂದ ಕುಷ್ಟಗಿಗೆ ವರ್ಗವಾಯಿತು. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅವರು ತೀರಿಕೊಂಡ ಸುದ್ದಿ ಕುಷ್ಟಗಿಗೆ ಬಂತು. ಅವರು ನನಗೆ ಬಂಧುವಲ್ಲ ಬಳಗವಲ್ಲ, ಆದರೂ ಟೈಪ್ ಮಿಷನ್ನಿನ ಮುಂದೆ ಕೂತವನಿಗೆ ಅಕ್ಷರ ಕಾಣದಾದವು. ಮಣ್ಣಿಗೆ ಹೋಗಲು ಆಗಲಿಲ್ಲ. ದಿನಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅಕ್ಕಾರನ್ನು ಮಾತಾಡಿಸಲು ಹೋದೆ. ಅದೇ ಎರಡು ಕೋಣೆಯ ಮನೆ. ಅಕ್ಕಾರು ಇನ್ನಷ್ಟು ತೆಳ್ಳಗಾಗಿದ್ದರು. ಬೇಡವೆಂದರೂ ಚಹಾಕ್ಕೆ ಇಟ್ಟರು. ಇಬ್ಬರೂ ಚಹಾ ಕುದಿಯುವುದನ್ನು ನೋಡುತ್ತ ಕೂತೆವು. ಆ ಹೊಸ್ತಿಲು ಖಾಲಿ ಇರುವುದು ಇಬ್ಬರಿಗೂ ಕಾಣುತ್ತಿತ್ತು.

ತಡೆಯಲಾರದೆ ಅವರ ಪರವಾಗಿ ನಾನೇ ಕೇಳಿಬಿಟ್ಟೆ. ‘ಅಕ್ಕಾರ, ಈಗರ ಹೇಳ್ರಿ. ಅವತ್ತ್ ಕರದದ್ದು ಯಾರ್ನ?’

ಅಕ್ಕಾರು ನನ್ನ ಮುಖವನ್ನೇ ನೋಡಿದರು. ತುಟಿಯ ಮೂಲೆಯಲ್ಲಿ ಅವರ ಹಳೆಯ ಕುಚೇಷ್ಟೆ ಇಣುಕಿತು.

‘ಬ್ರೇಕ್ ಒತ್ತೋ ಅಂತ ದೇವ್ರಿಗ್ಯಾರರ ಅಂತಾರೇನ್ರಿ?’

ನನಗೆ ಒಂದು ಕ್ಷಣ ಹೊಳೆಯಲಿಲ್ಲ. ಹೊಳೆದಾಗ ನಗು ತಡೆಯಲಾಗಲಿಲ್ಲ. ‘ಒತ್ತೋ ಅಂದ್ರೇನ್ರಿ? ಅಣ್ಣಾರಿಗೆ?’

‘ಅಂದೆ. ಹೆಸರಿಡದು ಕರದದ್ದಲ್ದ, ಒತ್ತೋ ಅಂತಾನೂ ಅಂದೆ. ಪುಣ್ಯಕ್ಕ ಲಾರಿಯಾವ ಹಾರ್ನ್ ಹೊಡದ.’ ಅವರೂ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು.

‘ಅವರಿಗೆ ಒಂದ್ ಸಲ ಹೇಳಬೇಕಾಗಿತ್ರಿ ಅಕ್ಕಾರ. ಎಷ್ಟ್ ಕೇಳಿದ್ರು.’

‘ಅವರಿಗೆ ಗೊತ್ತಿತ್ತ್ರಿ’ ಎಂದರು ಅಕ್ಕಾರು, ಲೋಟಕ್ಕೆ ಚಹಾ ಸೋಸುತ್ತ. ‘ಗೊತ್ತಿದ್ದೇ ಕೇಳ್ತಿದ್ರು. ಹೇಳಿಬಿಟ್ಟಿದ್ರ ಕೇಳೂದು ಬಿಡ್ತಿದ್ರಲ್ಲ. ನನಗ ಅವರು ಕೇಳೂದು ಬೇಕಾಗಿತ್ತು.’